ಹಳೆಯ ರೈಲು ನಿಲ್ದಾಣದ ಅಸಲಿ ಬಣ್ಣ ಯಾವುದು?

ಸಿಂಧನೂರಿನ ಯಾವುದಾದರೊಂದು ಮನೆಯಲ್ಲಿ ಸಂಜೆ ಎಲ್ಲರೂ ಕೂತಿರುವಾಗ ಒಂದು ಪ್ರಶ್ನೆ ಕೇಳಿ ನೋಡಿ: 'ರೈಲು ಡಬ್ಬಿಯ ಬಣ್ಣ ಯಾವುದು?' ಅಜ್ಜ 'ಕಂದುಗೆಂಪು' ಎನ್ನುತ್ತಾರೆ. ಅಪ್ಪ 'ನೀಲಿ' ಎನ್ನುತ್ತಾರೆ. ಶಾಲೆಗೆ ಹೋಗುವ ಮಗ 'ಕೆಂಪು-ಬೂದು' ಎಂದು ವಾದಕ್ಕಿಳಿಯುತ್ತಾನೆ. ಅವನ ತಂಗಿ ವಂದೇ ಭಾರತ್ ರೈಲಿನ ಚಿತ್ರ ನೋಡಿದ್ದರೆ 'ಬಿಳಿ' ಎಂದೂ ಹೇಳಿಯಾಳು.

ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಭಾರತೀಯ ರೈಲ್ವೆಯ ಡಬ್ಬಿಗಳು ಬಹುಕಾಲ ಕಂದುಗೆಂಪಾಗಿದ್ದವು. 1990ರ ದಶಕದಲ್ಲಿ ನೀಲಿ ಬಂತು. ಆಮೇಲೆ ಹೊಸ ಮಾದರಿಯ ಡಬ್ಬಿಗಳೊಂದಿಗೆ ಕೆಂಪು-ಬೂದು ಬಂತು. ಪ್ರತಿಯೊಬ್ಬರೂ ತಮ್ಮ ಕಾಲದ ಬಣ್ಣವನ್ನೇ ರೈಲಿನ ಬಣ್ಣ ಎಂದು ತಿಳಿದಿದ್ದಾರೆ, ಅಷ್ಟೇ.

ಮೂವತ್ತು-ನಲವತ್ತು ವರ್ಷಗಳಲ್ಲಿ, ಒಂದೇ ಮನೆಯೊಳಗೆ, ಇಷ್ಟು ಭಿನ್ನಾಭಿಪ್ರಾಯ! ಹಾಗಾದರೆ ನೂರೈವತ್ತು ವರ್ಷ ಹಳೆಯ ನಿಲ್ದಾಣದ ಬಾಗಿಲು, ಸೇತುವೆಯ ತೊಲೆ, ಸಿಗ್ನಲ್ ಕಂಬ ಮೊದಲು ಯಾವ ಬಣ್ಣದಲ್ಲಿದ್ದವು ಎಂದು ಹೇಳುವವರು ಯಾರು? ನೋಡಿದವರು ಯಾರೂ ಉಳಿದಿಲ್ಲ. ಅಂದಿನ ಛಾಯಾಚಿತ್ರಗಳೆಲ್ಲ ಕಪ್ಪು-ಬಿಳುಪು. ಆದರೂ ಉತ್ತರ ಕಂಡುಹಿಡಿಯಬಹುದು. ಅದಕ್ಕೊಂದು ವಿಜ್ಞಾನವಿದೆ. ಅದರ ಬಹುಪಾಲು ನಮ್ಮ ಹೈಸ್ಕೂಲಿನ ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರದ ಪುಸ್ತಕದಲ್ಲೇ ಇದೆ.

ಹಳಿ ಬಂದ ಊರು, ಹಳಿ ಕಾಯುವ ಊರು

ರಾಯಚೂರು ಜಿಲ್ಲೆಗೆ ರೈಲು ಹೊಸದಲ್ಲ. ಮುಂಬಯಿ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯ ಹಳಿ, ಮದ್ರಾಸಿನ ಕಡೆಯಿಂದ ಮದ್ರಾಸ್ ರೈಲ್ವೆಯ ಹಳಿ ಬಂದು ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಮುಂಬಯಿ-ಮದ್ರಾಸು ಎರಡೂ ಒಂದೇ ಹಳಿಯ ಮೇಲೆ ಬಂದದ್ದು ಹೀಗೆ. ಮುಂಬಯಿಯ ಹೆಸರಾಂತ ವಿಕ್ಟೋರಿಯಾ ಟರ್ಮಿನಸ್, ಅಂದರೆ 2004ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಇಂದಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಇದೇ ಕಂಪನಿಯದು.

ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಿಗೆ ಮಾತ್ರ ರೈಲು ದೂರವೇ ಉಳಿಯಿತು. ಸಿಂಧನೂರಿನವರು ರೈಲು ಹತ್ತಬೇಕಾದರೆ ಬಸ್ಸು ಹಿಡಿದು ರಾಯಚೂರಿಗೋ ಕೊಪ್ಪಳಕ್ಕೋ ಹೊಸಪೇಟೆಗೋ ಹೋಗಬೇಕಿತ್ತು. ಗಿಣಿಗೇರಾ ಕಡೆಯಿಂದ ಹೊರಟ ಹೊಸ ಮಾರ್ಗ ಕಾರಟಗಿ ದಾಟಿ ಸಿಂಧನೂರಿಗೆ ಮುಟ್ಟಿ, ಇಲ್ಲಿಂದ ಪ್ರಯಾಣಿಕರ ರೈಲು ಹೊರಟದ್ದು 2024ರ ಮಾರ್ಚಿನಲ್ಲಿ. ನಿಜಾಮರ ಕಾಲದಲ್ಲಿ ಒಮ್ಮೆ ಜಿಲ್ಲಾ ಕೇಂದ್ರವೇ ಆಗಿದ್ದ ಲಿಂಗಸುಗೂರು ಗದಗ-ವಾಡಿ ಮಾರ್ಗದ ಮೇಲಿದೆ. ಆ ಮಾರ್ಗದಲ್ಲಿ ಗದಗ ಕಡೆಯಿಂದ ಕುಷ್ಟಗಿಯವರೆಗೆ 2025ರ ಮೇ ತಿಂಗಳಲ್ಲಿ ರೈಲು ಓಡಿತು. ಈ ಎರಡು ಮಾರ್ಗಗಳ ನಡುವೆ ಇರುವುದು ಮಸ್ಕಿ.

ಒಂದೇ ಜಿಲ್ಲೆಯಲ್ಲಿ ನೂರೈವತ್ತು ವರ್ಷ ಹಳೆಯ ರೈಲು ಮಾರ್ಗವೂ ಇದೆ, ಬಣ್ಣ ಇನ್ನೂ ಹೊಸದಾಗಿರುವ ನಿಲ್ದಾಣವೂ ಇದೆ. ಹಳೆಯದರ ಬಣ್ಣ ಹುಡುಕುವ ವಿದ್ಯೆ ಕಲಿತರೆ ಹೊಸದರ ಬಗ್ಗೆ ಏನು ಮಾಡಬೇಕೆಂಬುದೂ ಹೊಳೆಯುತ್ತದೆ. ಆ ವಿದ್ಯೆಯ ಮೊದಲ ಪಾಠ ಮಸ್ಕಿಯ ನೆಲದಲ್ಲೇ ಇದೆ.

ಮಸ್ಕಿ ಕಲಿಸುವ ಪಾಠ

1915ರಲ್ಲಿ ಬೀಡನ್ ಎಂಬ ಎಂಜಿನಿಯರ್ ಚಿನ್ನದ ಅದಿರು ಹುಡುಕುತ್ತ ಮಸ್ಕಿಯ ಬೆಟ್ಟದಲ್ಲಿ ತಿರುಗಾಡುವಾಗ ಅವನ ಕಣ್ಣಿಗೆ ಬಿದ್ದದ್ದು ಅಶೋಕನ ಶಾಸನ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದವು. ಅವು ಅಶೋಕನವೇ ಎಂದು ವಿದ್ವಾಂಸರು ಬೇರೆ ಆಧಾರಗಳಿಂದ ಊಹಿಸಿದ್ದರು. ಮಸ್ಕಿಯ ಬಂಡೆಯ ಮೇಲೆ 'ಅಶೋಕ' ಎಂಬ ಹೆಸರೇ ಇತ್ತು. ಊಹೆ ನಿಜವಾಯಿತು.

1954ರಲ್ಲಿ ಪುರಾತತ್ವ ಇಲಾಖೆಯ ಬಿ.ಕೆ. ಥಾಪರ್ ಅವರು ಅದೇ ಮಸ್ಕಿಯಲ್ಲಿ ಉತ್ಖನನ ಮಾಡಿದರು. ನೆಲವನ್ನು ಒಂದೊಂದೇ ಪದರವಾಗಿ ಬಿಡಿಸುತ್ತ ಹೋದಾಗ ನಾಲ್ಕು ಕಾಲಗಳು ತೆರೆದುಕೊಂಡವು. ಮೇಲೆ ಮಧ್ಯಯುಗ, ಅದರ ಕೆಳಗೆ ಇತಿಹಾಸದ ಆರಂಭ ಕಾಲ, ಅದಕ್ಕೂ ಕೆಳಗೆ ಬೃಹತ್ ಶಿಲಾ ಸಮಾಧಿಗಳ ಕಾಲ, ತಳದಲ್ಲಿ ನವಶಿಲಾಯುಗ ಮತ್ತು ತಾಮ್ರಶಿಲಾಯುಗದ ಕಾಲ. ನಿಯಮ ಸರಳ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ನಡುವೆ ಯಾರೂ ಕೆದಕಿರಬಾರದು, ಅಷ್ಟೇ.

ಹಳೆಯ ಬಾಗಿಲಿನ ಬಣ್ಣವೂ ಹೀಗೆಯೇ. ಪೇಂಟರ್ ಸಾಮಾನ್ಯವಾಗಿ ಹಳೆಯ ಬಣ್ಣವನ್ನು ಪೂರ್ತಿ ತೆಗೆಯುವುದಿಲ್ಲ. ಉಪ್ಪು ಕಾಗದದಿಂದ ಉಜ್ಜಿ ಮೇಲೊಂದು ಪದರ ಬಳಿಯುತ್ತಾನೆ. ಐದು ವರ್ಷಕ್ಕೊಮ್ಮೆ ಹೀಗೆ ಬಳಿದರು ಎಂದಿಟ್ಟುಕೊಳ್ಳೋಣ. ನೂರೈವತ್ತು ವರ್ಷಕ್ಕೆ ಮೂವತ್ತು ಸಲವಾಯಿತು. ಒಂದು ಪದರದ ದಪ್ಪ ಸುಮಾರು 40 ಮೈಕ್ರಾನ್ ಎಂದುಕೊಂಡರೆ, ಅಂದರೆ ತಲೆಗೂದಲಿಗಿಂತ ತೆಳು, ಮೂವತ್ತು ಪದರ ಸೇರಿ 1.2 ಮಿಲಿಮೀಟರ್ ಆಗುತ್ತದೆ. ಒಂದು ನಿಲ್ದಾಣದ ನೂರೈವತ್ತು ವರ್ಷದ ಬಣ್ಣದ ಚರಿತ್ರೆ ಒಂದು ರೂಪಾಯಿ ನಾಣ್ಯದಷ್ಟು ದಪ್ಪದಲ್ಲಿ ಅಡಗಿರುತ್ತದೆ!

ಕೆರೆದು ನೋಡಿದರೆ ಸಾಕೆ?

ಸಾಲದು. ತಜ್ಞರು ಮಾಡುವ ಕ್ರಮ ಹೀಗಿದೆ. ಮೊದಲು ಮಳೆ-ಬಿಸಿಲು ತಾಗದ ಜಾಗ ಹುಡುಕುತ್ತಾರೆ. ಬಾಗಿಲಿನ ತಿರುಗಣಿಯ ಹಿಂದೆ, ನಾಮಫಲಕ ಕೂಡಿಸಿದ ಜಾಗದಲ್ಲಿ, ತೊಲೆಗಳ ಸಂದಿಯಲ್ಲಿ ಹಳೆಯ ಪದರಗಳು ಉಳಿದಿರುತ್ತವೆ. ಅಲ್ಲಿಂದ ಹರಿತವಾದ ಚಾಕುವಿನಿಂದ, ಬುಡದ ಮರದ ಅಥವಾ ಕಬ್ಬಿಣದ ಸಮೇತ, ಸಾಸಿವೆ ಕಾಳಿನಷ್ಟು ಚೂರು ತೆಗೆಯುತ್ತಾರೆ. ಅದನ್ನು ಪಾರದರ್ಶಕ ರಾಳದಲ್ಲಿ ಹುದುಗಿಸಿ, ಗಟ್ಟಿಯಾದ ಮೇಲೆ ಅಡ್ಡಕ್ಕೆ ಕೊಯ್ದು, ನಯಗೊಳಿಸಿ, ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಕತ್ತರಿಸಿದ ಈರುಳ್ಳಿಯ ಹಾಗೆ ಪದರದ ಮೇಲೆ ಪದರ ಕಾಣುತ್ತದೆ.

ಇಲ್ಲಿ ಅವಸರ ಮಾಡಿದರೆ ತಪ್ಪು ಖಚಿತ. ಉದಾಹರಣೆಗೆ, ಒಂದು ಕಬ್ಬಿಣದ ಕಂಬದ ಚೂರಿನಲ್ಲಿ ತಳದಿಂದ ಮೇಲಕ್ಕೆ ಹೀಗೆ ಕಂಡಿತು ಎಂದುಕೊಳ್ಳಿ: ಕಿತ್ತಳೆಗೆಂಪು, ಬೂದು, ತೆಳುವಾದ ಕಪ್ಪು ಗೆರೆ, ಮತ್ತೆ ಬೂದು, ಕಪ್ಪು ಗೆರೆ, ಹಸಿರು. ಮೊದಲ ಬಣ್ಣ ಯಾವುದು? ತಳದಲ್ಲಿ ಇರುವುದು ಕಿತ್ತಳೆಗೆಂಪು, ಆದ್ದರಿಂದ ಕಂಬ ಮೊದಲು ಕಿತ್ತಳೆಗೆಂಪಾಗಿತ್ತು ಎಂದು ಹೆಚ್ಚಿನವರು ಹೇಳುತ್ತಾರೆ. ಅದು ತಪ್ಪು.

ಆ ಕಪ್ಪು ಗೆರೆಯನ್ನು ಗಮನಿಸಿ. ಅದು ಬಣ್ಣವಲ್ಲ. ಇದ್ದಿಲ ಹೊಗೆ, ಧೂಳು ಕೂತು ಆದ ಕೊಳೆ. ಬಣ್ಣ ವರ್ಷಾನುಗಟ್ಟಲೆ ಹೊರಗಿನ ಗಾಳಿಗೆ ಒಡ್ಡಿಕೊಂಡಿದ್ದರೆ ಅದರ ಮೇಲೆ ಕೊಳೆ ಕೂರುತ್ತದೆ. ಕಿತ್ತಳೆಗೆಂಪಿಗೂ ಬೂದಿಗೂ ನಡುವೆ ಕೊಳೆಯೇ ಇಲ್ಲ. ಅಂದರೆ ಕಿತ್ತಳೆಗೆಂಪು ಬಳಿದ ಕೆಲವೇ ದಿನಗಳಲ್ಲಿ ಅದರ ಮೇಲೆ ಬೂದು ಬಳಿದಿದ್ದಾರೆ. ಹಾಗಾದರೆ ಅದು ತುಕ್ಕು ತಡೆಯಲು ಕೊಟ್ಟ ಅಸ್ತರಿ, ಪೇಂಟರುಗಳ ಮಾತಿನಲ್ಲಿ ಪ್ರೈಮರ್. ಜನ ನೋಡಿದ ಮೊದಲ ಬಣ್ಣ ಬೂದು. ಒಂದು ಕೊಳೆಯ ಗೆರೆ ಇಡೀ ತೀರ್ಮಾನವನ್ನೇ ಬದಲಿಸುತ್ತದೆ.

ಇನ್ನೊಂದು ಎಚ್ಚರಿಕೆಯೂ ಬೇಕು. ಚೂರು ತೆಗೆದ ಬಾಗಿಲೇ ನಡುವೆ ಯಾವಾಗಲೋ ಬದಲಾಯಿಸಿದ್ದಾಗಿರಬಹುದು. ಚೌಕಟ್ಟಿನಲ್ಲಿ ಇಪ್ಪತ್ತೈದು ಪದರ, ಬಾಗಿಲಿನಲ್ಲಿ ಹತ್ತೇ ಪದರ ಇದ್ದರೆ ಬಾಗಿಲು ಹೊಸದು ಎಂದರ್ಥ. ಆದ್ದರಿಂದ ಒಂದು ಚೂರನ್ನು ನಂಬಿ ಯಾರೂ ತೀರ್ಪು ಕೊಡುವುದಿಲ್ಲ. ಹಲವು ಕಡೆಯಿಂದ ತೆಗೆದು ಹೋಲಿಸಬೇಕು.

ಬಣ್ಣವೇ ಪಂಚಾಂಗ

ಪದರಗಳ ಕ್ರಮವೇನೋ ಸಿಕ್ಕಿತು. ಅವುಗಳ ಕಾಲ? ಇದಕ್ಕೆ ರಸಾಯನಶಾಸ್ತ್ರ ನೆರವಾಗುತ್ತದೆ. ಪ್ರತಿಯೊಂದು ವರ್ಣದ್ರವ್ಯಕ್ಕೂ ಒಂದು ಹುಟ್ಟಿದ ದಿನವಿದೆ.

ಬಿಳಿಯನ್ನೇ ನೋಡಿ. ಹಳೆಯ ಕಾಲದ ಎಣ್ಣೆಬಣ್ಣದಲ್ಲಿ ಬಿಳಿಗೆ ಮುಖ್ಯವಾಗಿ ಬಳಸುತ್ತಿದ್ದುದು ಸೀಸದ ಬಿಳಿ. ಹತ್ತೊಂಬತ್ತನೇ ಶತಮಾನದಲ್ಲಿ ಸತುವಿನ ಬಿಳಿ ಬಳಕೆಗೆ ಬಂತು. ಇಂದು ಎಲ್ಲ ಬಿಳಿ ಬಣ್ಣದಲ್ಲೂ ಇರುವ ಟೈಟಾನಿಯಂ ಡೈಆಕ್ಸೈಡ್ ಕಾರ್ಖಾನೆಗಳಲ್ಲಿ ತಯಾರಾಗತೊಡಗಿದ್ದು ಮೊದಲನೇ ಮಹಾಯುದ್ಧದ ಹೊತ್ತಿಗೆ. 1871ರ ಬಾಗಿಲಿನ ತಳದ ಪದರದಲ್ಲಿ ಟೈಟಾನಿಯಂ ಸಿಕ್ಕರೆ ಎರಡರಲ್ಲೊಂದು ನಿಜ. ಬಾಗಿಲು ಆ ಕಾಲದ್ದಲ್ಲ, ಇಲ್ಲವೆ ಹಳೆಯ ಬಣ್ಣವನ್ನು ಯಾರೋ ಪೂರ್ತಿ ಕೆರೆದು ತೆಗೆದಿದ್ದಾರೆ.

ಇನ್ನೂ ಒಳ್ಳೆಯ ಉದಾಹರಣೆ ನಮ್ಮ ರೈಲ್ವೆ ಸೇತುವೆಗಳದ್ದು. ಉಕ್ಕಿನ ಸೇತುವೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬೆಳ್ಳಿಯಂತೆ ಹೊಳೆಯುವ ತೊಲೆಗಳು. ಅದು ಬೆಳ್ಳಿಯಲ್ಲ, ಅಲ್ಯೂಮಿನಿಯಂ ಪುಡಿಯ ಬಣ್ಣ. ತಳದಲ್ಲಿ ಕೆಂಪು ಆಕ್ಸೈಡಿನ ಅಸ್ತರಿ ಕೊಟ್ಟು ಮೇಲೆ ಇದನ್ನು ಬಳಿಯುತ್ತಾರೆ. ಅಲ್ಯೂಮಿನಿಯಂನ ಚಪ್ಪಟೆ ಕಣಗಳು ಮೀನಿನ ಹೊರಮೈಯ ಹುರುಪೆಗಳಂತೆ ಒಂದರ ಮೇಲೊಂದು ಹಾಸಿಕೊಂಡು ತೇವವನ್ನು ತಡೆಯುತ್ತವೆ.

ಆದರೆ ಅಲ್ಯೂಮಿನಿಯಂ ಅಗ್ಗವಾದದ್ದು ಯಾವಾಗ? 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಎಂಬ ಇಬ್ಬರು ತರುಣರು ಬೇರೆ ಬೇರೆಯಾಗಿ ವಿದ್ಯುದ್ವಿಭಜನೆಯಿಂದ ಅದನ್ನು ತೆಗೆಯುವ ವಿಧಾನ ಕಂಡುಹಿಡಿದ ಮೇಲೆ. ಅದಕ್ಕೆ ಮೊದಲು ಅದು ದುಬಾರಿ ಲೋಹ. 1871ರಲ್ಲಿ ಯಾವ ಕಂಪನಿಯೂ ಸೇತುವೆಗೆ ಅಲ್ಯೂಮಿನಿಯಂ ಬಳಿಯಲು ಸಾಧ್ಯವಿರಲಿಲ್ಲ. ಆ ಕಾಲದ ಸೇತುವೆಯ ಚಿತ್ರ ಬಿಡಿಸುವಾಗ ಯಾರಾದರೂ ಅದಕ್ಕೆ ಬೆಳ್ಳಿ ಬಣ್ಣ ಕೊಟ್ಟರೆ ಅದು ತಪ್ಪೆಂದು ಹತ್ತನೇ ತರಗತಿಯ ವಿದ್ಯಾರ್ಥಿಯೂ ಹೇಳಬಹುದು. ನದಿಯವರೆಗೂ ಹೋಗಬೇಕಿಲ್ಲ.

ಮೋಸ ಮಾಡುವ ಬಣ್ಣಗಳು

ಸೂಕ್ಷ್ಮದರ್ಶಕದಲ್ಲಿ ಇಂದು ಕಾಣುವ ಬಣ್ಣವೇ ಅಂದಿನ ಬಣ್ಣ ಎನ್ನುವಂತೆಯೂ ಇಲ್ಲ. ಬಣ್ಣಕ್ಕೂ ಮುಪ್ಪು ಬರುತ್ತದೆ.

ಹಳೆಯ ಬಣ್ಣಗಳನ್ನು ಅಗಸೆ ಎಣ್ಣೆಯಲ್ಲಿ ಕಲಸುತ್ತಿದ್ದರು. ಈ ಎಣ್ಣೆ ಬೆಳಕಿಲ್ಲದ ಕಡೆ ಹಳದಿಯಾಗುತ್ತದೆ. ಮೇಲಿನ ಪದರಗಳ ಕೆಳಗೆ ನೂರು ವರ್ಷ ಕತ್ತಲಲ್ಲಿದ್ದ ಬಿಳಿ ಬಣ್ಣ ಹೊರತೆಗೆದಾಗ ಕೆನೆಬಣ್ಣವಾಗಿ ಕಾಣುತ್ತದೆ. ತಿಳಿನೀಲಿ ಹಸಿರಾಗಿ ಕಾಣುತ್ತದೆ. ಹೀಗಾಗಿ ತಜ್ಞರು ತೆರೆದ ಪದರವನ್ನು ಕೆಲವು ದಿನ ಬೆಳಕಿಗೆ ಒಡ್ಡಿ, ಹಳದಿ ಇಳಿದ ಮೇಲೆ ನೋಡುತ್ತಾರೆ.

ಸೀಸದ ಬಿಳಿಯ ಕಥೆ ಬೇರೆ. ಉಗಿಬಂಡಿಯ ಇದ್ದಿಲ ಹೊಗೆಯಲ್ಲಿ ಗಂಧಕದ ಅನಿಲಗಳಿರುತ್ತವೆ. ಹೈಡ್ರೋಜನ್ ಸಲ್ಫೈಡ್ ತಾಗಿದರೆ ಸೀಸದ ಬಿಳಿ ಲೆಡ್ ಸಲ್ಫೈಡ್ ಆಗಿ ಕಪ್ಪಾಗುತ್ತದೆ. ಪ್ರಯೋಗಾಲಯದಲ್ಲಿ ಲೆಡ್ ಅಸಿಟೇಟ್ ಕಾಗದ ಕಪ್ಪಾಗುವುದನ್ನು ನೋಡಿದವರಿಗೆ ಇದು ಗೊತ್ತು. ಇದೇ ಕ್ರಿಯೆಯನ್ನು ತಜ್ಞರು ಪರೀಕ್ಷೆಯಾಗಿಯೂ ಬಳಸುತ್ತಾರೆ. ಬಣ್ಣದ ಮೇಲೆ ಸೋಡಿಯಂ ಸಲ್ಫೈಡ್ ದ್ರಾವಣದ ಒಂದು ಹನಿ ಹಾಕಿದಾಗ ಕಪ್ಪು ಕಲೆಯಾದರೆ ಸೀಸವಿರುವ ಸೂಚನೆ.

ಎಲ್ಲ ಬಣ್ಣಗಳೂ ಹೀಗೆ ಕೈಕೊಡುವುದಿಲ್ಲ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ 1950ರ ದಶಕದಲ್ಲಿ ಆಲ್ಚಿನ್ ಅವರು ಉತ್ಖನನ ಮಾಡಿ ನವಶಿಲಾಯುಗದ ನೆಲೆಯನ್ನು ಗುರುತಿಸಿದರು. ಅಲ್ಲಿನ ಬಂಡೆಗಳ ಮೇಲೆ ಕೆಂಪು ಬಣ್ಣದ ಹಳೆಯ ಚಿತ್ರಗಳಿವೆ. ಬಂಡೆಚಿತ್ರಗಳ ಈ ಕೆಂಪು ನಮ್ಮ ಜಾಜು, ಅಂದರೆ ಕಬ್ಬಿಣದ ಆಕ್ಸೈಡ್. ಸೇತುವೆಯ ತೊಲೆಗೆ ಬಳಿಯುವ ರೆಡ್ ಆಕ್ಸೈಡಿನಲ್ಲೂ ಅದೇ ಇದೆ. ಕಬ್ಬಿಣ ಆಮ್ಲಜನಕದೊಂದಿಗೆ ಕೂಡಿ ಆಗಲೇ ಪೂರ್ತಿ ತುಕ್ಕಾಗಿಬಿಟ್ಟಿರುವುದರಿಂದ ಬಿಸಿಲಾಗಲಿ ಗಾಳಿಯಾಗಲಿ ಅದನ್ನು ಇನ್ನೇನೂ ಮಾಡಲಾರವು. ಅದಕ್ಕೇ ಅದು ಬಾಳುತ್ತದೆ.

ಗೋಡೆಗಳ ಮಾತಿಗೆ ಬಂದರೆ ಎಣ್ಣೆಬಣ್ಣಕ್ಕಿಂತ ಸುಣ್ಣವೇ ಹಳೆಯದು. ಸುಣ್ಣಕ್ಕೆ ಜಾಜೋ ನೀಲಿಯೋ ಬೆರೆಸಿ ಬಳಿಯುತ್ತಿದ್ದರು. ನಮ್ಮ ಹಿರಿಯರು ಬೆರೆಸುತ್ತಿದ್ದ ನೀಲಿಪುಡಿ ಅಲ್ಟ್ರಾಮರೀನ್. ಸುಣ್ಣದಂಥ ಕ್ಷಾರಕ್ಕೆ ಅದು ಹೆದರುವುದಿಲ್ಲ, ಆಮ್ಲ ತಾಗಿದರೆ ಮಾತ್ರ ಬಣ್ಣ ಕಳೆದುಕೊಂಡು ಕೊಳೆತ ಮೊಟ್ಟೆಯ ವಾಸನೆ ಬಿಡುತ್ತದೆ. ಪ್ರಷ್ಯನ್ ನೀಲಿಯದು ಇದಕ್ಕೆ ತದ್ವಿರುದ್ಧ. ಅದು ಆಮ್ಲವನ್ನು ತಡೆದುಕೊಳ್ಳುತ್ತದೆ, ಕ್ಷಾರದಲ್ಲಿ ಕೆಟ್ಟು ಕಂದಾಗುತ್ತದೆ. ಸುಣ್ಣದ ಗೋಡೆಯಲ್ಲಿ ನೀಲಿ ಉಳಿದಿದ್ದರೆ ಅದು ಪ್ರಷ್ಯನ್ ನೀಲಿ ಆಗಿರಲಾರದು ಎಂದು ಹೇಳಲು ಇಷ್ಟು ತಿಳಿದರೆ ಸಾಕು.

ಫೋಟೋ ಸುಳ್ಳು ಹೇಳುತ್ತದೆಯೇ?

'ಹಳೆಯ ಫೋಟೋ ಇದೆಯಲ್ಲ, ಅದರಲ್ಲಿ ಕಪ್ಪಗಿದ್ದರೆ ಕಡುಬಣ್ಣ, ಬೆಳ್ಳಗಿದ್ದರೆ ತಿಳಿಬಣ್ಣ' ಎಂದು ತಿಳಿಯುವುದು ಸಹಜ. ಆದರೆ 1871ರ ಫೋಟೋ ತಟ್ಟೆಗಳಿಗೆ ನೀಲಿ ಮತ್ತು ನೇರಳೆ ಬೆಳಕು ಮಾತ್ರ ಕಾಣುತ್ತಿತ್ತು. ಕೆಂಪು, ಹಳದಿ ಅವುಗಳ ಪಾಲಿಗೆ ಕತ್ತಲೆಯೇ. ಹಸಿರಿಗೂ ಸ್ಪಂದಿಸುವ ತಟ್ಟೆಗೆ ದಾರಿ ಮಾಡಿಕೊಟ್ಟದ್ದು ಜರ್ಮನಿಯ ಫೋಗಲ್, 1873ರಲ್ಲಿ. ಕೆಂಪನ್ನೂ ಗುರುತಿಸುವ ತಟ್ಟೆಗಳು ಮಾರುಕಟ್ಟೆಗೆ ಬಂದದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ.

ಇದರ ಪರಿಣಾಮ ನೋಡಿ. ಹಳದಿ ಫಲಕದ ಮೇಲೆ ಕಪ್ಪು ಅಕ್ಷರವಿದ್ದರೆ ಹಳೆಯ ಫೋಟೋದಲ್ಲಿ ಎರಡೂ ಕಪ್ಪಗೆ ಕಂಡು ಅಕ್ಷರವೇ ಮಾಯವಾಗಬಹುದು. ಗಾಢ ನೀಲಿ ಬಾಗಿಲು ಬೆಳ್ಳಗೆ ಕಾಣಬಹುದು. ಆದ್ದರಿಂದ ಫೋಟೋ ಒಂದು ಸಾಕ್ಷಿ ಮಾತ್ರ. ಎಲ್ಲಿ ಎರಡು ಬಣ್ಣ ಕೂಡುತ್ತಿದ್ದವು, ಪಟ್ಟಿ ಎಷ್ಟು ಎತ್ತರಕ್ಕಿತ್ತು ಎಂದು ತಿಳಿಯಲು ಅದು ಉಪಯುಕ್ತ. ಬಣ್ಣ ಯಾವುದೆಂದು ಹೇಳಲು ಚೂರೇ ಬೇಕು. ಕಾಮಗಾರಿಯ ಕರಾರು ಪತ್ರ, ಉಗ್ರಾಣದ ಸಾಮಗ್ರಿ ಲೆಕ್ಕದ ಪುಸ್ತಕ ಸಿಕ್ಕರೆ ಮೂರನೆಯ ಸಾಕ್ಷಿಯೂ ದೊರೆತಂತೆ. ಮೂರೂ ಒಂದೇ ಮಾತು ಹೇಳಿದಾಗ ತೀರ್ಮಾನ.

ಹಸಿರು ದೀಪಕ್ಕೆ ನೀಲಿ ಗಾಜು

ಕೈಮರ ಸಿಗ್ನಲ್‌ಗಳನ್ನು ನೋಡಿದ ಪಾಲಕರಿಗೆ ನೆನಪಿರಬಹುದು. ಹಲಗೆ ಅಡ್ಡಕ್ಕಿದ್ದರೆ ಕೆಂಪು ದೀಪ, ಓರೆಯಾದರೆ ಹಸಿರು ದೀಪ. ಅಂಥ ಹಳೆಯ ಸಿಗ್ನಲ್ಲೊಂದು ಕೈಗೆ ಸಿಕ್ಕಾಗ 'ಹಸಿರು' ಗಾಜು ನೀಲಿಯಾಗಿರುವುದು ಕಂಡು, ಯಾರೋ ತಪ್ಪು ಗಾಜು ಹಾಕಿದ್ದಾರೆಂದು ಬದಲಿಸಲು ಹೊರಟರೆ ಅನಾಹುತ. ಅದು ತಪ್ಪಲ್ಲ. ಒಳಗಿದ್ದದ್ದು ಸೀಮೆಎಣ್ಣೆ ದೀಪ. ಅದರ ಹಳದಿ ಬೆಳಕು ನೀಲಿಮಿಶ್ರಿತ ಗಾಜಿನ ಮೂಲಕ ಹೊರಬಂದಾಗ ದೂರದ ಚಾಲಕನಿಗೆ ಹಸಿರಾಗಿ ಕಾಣುತ್ತಿತ್ತು. ದೀಪವಿಲ್ಲದೆ ಗಾಜನ್ನಷ್ಟೇ ನೋಡಿ ನಿರ್ಧರಿಸಿದರೆ ಚರಿತ್ರೆ ಕೆಡುತ್ತದೆ.

ಬ್ರಿಟನ್ನಿನಲ್ಲಿ ಹತ್ತೊಂಬತ್ತನೇ ಶತಮಾನದ ಬಹುಭಾಗ 'ದಾರಿ ಸುಗಮ' ಎನ್ನಲು ತೋರಿಸುತ್ತಿದ್ದುದು ಹಸಿರಲ್ಲ, ಬಿಳಿ ದೀಪ. ಹಸಿರು ಎಂದರೆ 'ಎಚ್ಚರಿಕೆ'. ಕೆಂಪು ಗಾಜು ಒಡೆದುಬಿಟ್ಟರೆ ಬಿಳಿ ಬೆಳಕು ಕಂಡು ಚಾಲಕ ರೈಲನ್ನು ಮುಂದಕ್ಕೆ ಬಿಡುವ ಅಪಾಯವಿತ್ತು. ಶತಮಾನದ ಕೊನೆಯ ಹೊತ್ತಿಗೆ ಬಿಳಿಯನ್ನು ಕೈಬಿಟ್ಟು ಹಸಿರನ್ನು ತಂದರು. ರೈಲ್ವೆಯಲ್ಲಿ ಬಣ್ಣವೆಂದರೆ ಅಲಂಕಾರವಷ್ಟೇ ಅಲ್ಲ, ಅದು ಆಜ್ಞೆಯೂ ಹೌದು. ಬಣ್ಣದ ಇತಿಹಾಸ ಕಳೆದರೆ ಸುರಕ್ಷತೆಯ ಇತಿಹಾಸವೂ ಸ್ವಲ್ಪ ಕಳೆದಂತೆ.

ಬಣ್ಣಕ್ಕೆ ಹೆಸರಿಡುವುದು ಹೇಗೆ?

ಅಸಲಿ ಬಣ್ಣ ಸಿಕ್ಕಿತು ಎನ್ನಿ. ಅದನ್ನು ಬರೆದಿಡುವುದು ಹೇಗೆ? 'ಇಟ್ಟಿಗೆಗೆಂಪು' ಎಂದರೆ ಯಾವ ಊರಿನ ಇಟ್ಟಿಗೆ? 'ಗಿಳಿಹಸಿರು' ಎಂದರೆ ಯಾವ ಗಿಳಿ?

ಅಮೆರಿಕದ ಚಿತ್ರಕಲಾ ಶಿಕ್ಷಕ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಇದಕ್ಕೊಂದು ಉಪಾಯ ಪ್ರಕಟಿಸಿದ. ಪ್ರತಿ ಬಣ್ಣಕ್ಕೂ ಮೂರು ಅಳತೆ: ವರ್ಣ ಯಾವುದು, ಎಷ್ಟು ತಿಳಿ ಅಥವಾ ಕಡು, ಎಷ್ಟು ತೀಕ್ಷ್ಣ. ಈ ಪದ್ಧತಿಯನ್ನು ನಮ್ಮ ಮಣ್ಣು ವಿಜ್ಞಾನಿಗಳೂ ಬಳಸುತ್ತಾರೆ. ಸಿಂಧನೂರಿನ ಹೊಲಗಳಲ್ಲಿರುವಂಥ ಯರೆ ಮಣ್ಣಿನ ಬಣ್ಣವನ್ನು ಅವರು 'ಕಪ್ಪು' ಎಂದು ಬರೆದು ಬಿಡುವುದಿಲ್ಲ. ಬಣ್ಣದ ಚೂರುಗಳಿರುವ ಪುಸ್ತಕದೊಂದಿಗೆ ಹೋಲಿಸಿ '10 ವೈಆರ್ 3/1' ಎಂಬಂಥ ಗುರುತು ಬರೆಯುತ್ತಾರೆ. ನೂರು ವರ್ಷದ ನಂತರ ಯಾವ ದೇಶದವರು ಓದಿದರೂ ಅದೇ ಬಣ್ಣ ಎಂದು ತಿಳಿಯುತ್ತದೆ.

ಬಣ್ಣ ತಯಾರಕರಿಗಾಗಿ ಭಾರತೀಯ ಮಾನಕ ಸಂಸ್ಥೆಯ 'ಐಎಸ್ 5' ಎಂಬ ಪಟ್ಟಿ ಇದೆ. ಅದರಲ್ಲಿ ಸಿಗ್ನಲ್ ಕೆಂಪಿಗೆ 537, ಹೊನ್ನಹಳದಿಗೆ 356 ಎಂಬ ಸಂಖ್ಯೆಗಳಿವೆ. ಹೋಲಿಸುವಾಗ ನೆನಪಿಡಬೇಕಾದ ಒಂದು ಮಾತಿದೆ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಎನಿಸಿದ ಎರಡು ಬಣ್ಣಗಳು ಹಗಲು ಬೆಳಕಿನಲ್ಲಿ ಬೇರೆಯಾಗಿ ಕಾಣಬಹುದು. ಸೀರೆ ಅಂಗಡಿಯಿಂದ ರವಿಕೆ ಬಟ್ಟೆಯನ್ನು ಬಾಗಿಲಿಗೆ ತಂದು ನೋಡುವ ತಾಯಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಹಳೆಯದರಂತೆ ಕಾಣುವುದು ಬೇರೆ

ಬ್ರಿಟನ್ನಿನಲ್ಲಿ 1890ರಲ್ಲಿ ತೆರೆದ ಫೋರ್ತ್ ರೈಲ್ವೆ ಸೇತುವೆಗೆ ಅದರದೇ ಹೆಸರಿನ ಕೆಂಪು ಬಣ್ಣವಿದೆ. 2002ರಿಂದ 2011ರವರೆಗೆ ನಡೆದ ದುರಸ್ತಿಯಲ್ಲಿ ಹಳೆಯ ಪದರಗಳನ್ನು ಉಕ್ಕಿನವರೆಗೂ ತೆಗೆದು ಹೊಸ ಬಣ್ಣ ಬಳಿದರು. ಬಣ್ಣದ ರಸಾಯನ ಹೊಸದು, ಛಾಯೆ ಮಾತ್ರ ಆ ಹಳೆಯ ಕೆಂಪೇ. ನಮ್ಮಲ್ಲಿ ಯಲಹಂಕ-ಚಿಕ್ಕಬಳ್ಳಾಪುರ ಮಾರ್ಗದ ನಂದಿ ಹಾಲ್ಟ್, ದೊಡ್ಡಜಾಲದಂಥ ಹಳೆಯ ಪುಟ್ಟ ನಿಲ್ದಾಣಗಳನ್ನು ಇಂಟಾಕ್ ಸಂಸ್ಥೆಯ ಬೆಂಗಳೂರು ಘಟಕ ರೈಲ್ವೆಯೊಂದಿಗೆ ಸೇರಿ ದುರಸ್ತಿ ಮಾಡಿಸಿತು. ಮೈಸೂರಿನಲ್ಲಿ 1979ರಲ್ಲಿ ಆರಂಭವಾದ ರೈಲು ವಸ್ತುಸಂಗ್ರಹಾಲಯ ಹಳೆಯ ಎಂಜಿನ್‌, ಡಬ್ಬಿಗಳನ್ನು ಕಾಪಾಡಿದೆ.

ಆದರೆ ಎಲ್ಲ ಕಡೆ ಇಷ್ಟು ತಾಳ್ಮೆ ಇರುವುದಿಲ್ಲ. 'ಪರಂಪರೆಯ ನೋಟ' ಕೊಡಬೇಕೆಂದು ಕೆಂಪು ಮತ್ತು ಕೆನೆಬಣ್ಣ ಬಳಿದುಬಿಟ್ಟರೆ ಕಟ್ಟಡ ಹಳೆಯದರಂತೆ ಕಾಣುತ್ತದೆ, ಆದರೆ ಅದು ಹಿಂದೆ ಇದ್ದ ಬಣ್ಣವೇ ಆಗಿರಬೇಕಿಲ್ಲ. ಅದಕ್ಕಿಂತ ದೊಡ್ಡ ಹಾನಿ ಬೇರೆ ಇದೆ. ಹೊಸ ಬಣ್ಣ ಗಟ್ಟಿಯಾಗಿ ಹಿಡಿಯಲೆಂದು ಯಂತ್ರದಿಂದ ಮರಳು ಎರಚಿ ಹಳೆಯ ಪದರಗಳನ್ನೆಲ್ಲ ಉದುರಿಸಿದರೆ ಒಂದು ದಿನದಲ್ಲಿ ನೂರೈವತ್ತು ವರ್ಷದ ದಾಖಲೆ ಧೂಳಾಗುತ್ತದೆ. ತಪ್ಪು ಬಣ್ಣ ಬಳಿದರೆ ಮುಂದೆ ತಿದ್ದಬಹುದು. ಕೆಳಗಿನ ಪದರ ಹೋದರೆ ತಿದ್ದುವುದಕ್ಕೆ ಆಧಾರವೇ ಇರುವುದಿಲ್ಲ. ಸೇತುವೆಯ ಉಕ್ಕನ್ನು ಉಳಿಸಲು ಹಳೆಯ ಬಣ್ಣ ತೆಗೆಯಲೇಬೇಕಾಗುತ್ತದೆ, ನಿಜ. ತೆಗೆಯುವ ಮುನ್ನ ನಾಲ್ಕಾರು ಚೂರುಗಳನ್ನು ಪೊಟ್ಟಣದಲ್ಲಿಟ್ಟು, ಎಲ್ಲಿಂದ ತೆಗೆದದ್ದೆಂದು ಬರೆದಿಡಲು ಖರ್ಚು ಏನೂ ಇಲ್ಲ.

ಪಾಲಕರಿಗೊಂದು ಎಚ್ಚರಿಕೆ

ಇದನ್ನು ಓದಿ ಮಕ್ಕಳು ಹಳೆಯ ಬಾಗಿಲು ಕೆರೆಯಲು ಹೊರಡಬಾರದು. ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸವಿರುತ್ತದೆ. ಕಬ್ಬಿಣದ ಅಸ್ತರಿಗೆ ಬಳಸುತ್ತಿದ್ದ ಕಿತ್ತಳೆಗೆಂಪು ಬಣ್ಣವೂ ಸೀಸದ ಆಕ್ಸೈಡೇ. ಅದರ ಧೂಳು ಬಾಯಿ-ಮೂಗಿನಿಂದ ಒಳಹೊಕ್ಕರೆ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ. ಇಷ್ಟಾದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಸೀಸಕ್ಕಿಲ್ಲ. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮವನ್ನು ಭಾರತ ಸರ್ಕಾರ ಮಾಡಿದ್ದು 2016ರಲ್ಲಿ. ಅದಕ್ಕಿಂತ ಹಳೆಯ ಬಾಗಿಲು-ಕಿಟಕಿಗಳಿಗೆ ಮರುಬಣ್ಣ ಮಾಡಿಸುವಾಗಲೂ ಒಣದಾಗಿ ಉಜ್ಜಿಸಬಾರದು. ನೀರು ಹಚ್ಚಿ ಉಜ್ಜಿಸಬೇಕು, ಆ ಹೊತ್ತು ಮಕ್ಕಳನ್ನು ದೂರ ಇಡಬೇಕು. ಇನ್ನು ರೈಲ್ವೆ ಹಳಿ, ಸೇತುವೆಗಳ ಹತ್ತಿರ ಹೋಗುವ ಮಾತಂತೂ ಬೇಡವೇ ಬೇಡ.

ಪದರದ ಪಾಠವನ್ನು ಶಾಲೆಯಲ್ಲೇ ಸುರಕ್ಷಿತವಾಗಿ ಕಲಿಯಬಹುದು. ಒಂದು ಹಲಗೆ ಚೂರಿಗೆ ಹೊಸ ಎಮಲ್ಶನ್ ಬಣ್ಣಗಳನ್ನು, ದಿನಕ್ಕೊಂದರಂತೆ ಐದು ದಿನ, ಬೇರೆ ಬೇರೆಯಾಗಿ ಬಳಿಯಿರಿ. ಚೆನ್ನಾಗಿ ಒಣಗಿದ ಮೇಲೆ ನುಣುಪಾದ ಉಪ್ಪು ಕಾಗದವನ್ನು ನೀರಿನಲ್ಲಿ ಅದ್ದಿ ಒಂದೇ ಜಾಗದಲ್ಲಿ ವೃತ್ತಾಕಾರವಾಗಿ ಉಜ್ಜಿ. ನಡುವೆ ಮರ, ಸುತ್ತ ಒಂದೊಂದೇ ಬಣ್ಣದ ಬಳೆ ಕಾಣಿಸುತ್ತದೆ. ಮೂರನೇ ಪದರದ ಮೇಲೆ ಸ್ವಲ್ಪ ಮಸಿ ಸವರಿ ನಾಲ್ಕನೆಯದನ್ನು ಬಳಿದಿದ್ದರೆ ಆ ಕೊಳೆಯ ಗೆರೆಯೂ ಕಾಣುತ್ತದೆ. ಬಳಿದವರು ಕ್ರಮವನ್ನು ಗುಟ್ಟಾಗಿಟ್ಟು, ಬೇರೆ ಗುಂಪಿನವರಿಗೆ ಭೂತಗನ್ನಡಿ ಕೊಟ್ಟು ಕಂಡುಹಿಡಿಯಲು ಹೇಳಿದರೆ ಆಟವೂ ಆಯಿತು, ಪಾಠವೂ ಆಯಿತು.

ಸಿಂಧನೂರಿನ ಮಕ್ಕಳಿಗೆ ಸಿಕ್ಕ ಅವಕಾಶ

ರಾಯಚೂರಿಗೆ ರೈಲು ಬಂದ 1871ರಲ್ಲಿ ಯಾರಾದರೂ ಒಬ್ಬ ಶಾಲಾ ಹುಡುಗ 'ಈ ದಿನ ನಿಲ್ದಾಣದ ಬಾಗಿಲು ಇಂಥ ಬಣ್ಣ, ಗೋಡೆ ಇಂಥ ಬಣ್ಣ, ಫಲಕ ಇಂಥ ಬಣ್ಣ' ಎಂದು ನಾಲ್ಕು ಸಾಲು ಬರೆದಿಟ್ಟಿದ್ದರೆ ಇಂದು ಸೂಕ್ಷ್ಮದರ್ಶಕದ ಅರ್ಧ ಕೆಲಸ ಉಳಿಯುತ್ತಿತ್ತು. ದಿನವೂ ಕಣ್ಣೆದುರಿಗಿರುವುದನ್ನು ಬರೆದಿಡಬೇಕೆಂದು ಯಾರಿಗೂ ತೋಚುವುದಿಲ್ಲ.

ಆ ಅವಕಾಶ ಈಗ ಸಿಂಧನೂರಿನ ಮಕ್ಕಳ ಕೈಯಲ್ಲಿದೆ. ಅವರ ನಿಲ್ದಾಣದ ತಳದ ಪದರ ಇನ್ನೂ ಹಳತಾಗಿಲ್ಲ. ಅಧ್ಯಾಪಕರು ನಿಲ್ದಾಣದ ಅಧಿಕಾರಿಯ ಅನುಮತಿ ಪಡೆದು ಮಕ್ಕಳನ್ನು ಒಂದು ಮಧ್ಯಾಹ್ನ ಪ್ಲಾಟ್‌ಫಾರ್ಮಿಗೆ ಕರೆದೊಯ್ಯಬಹುದು. ಬಣ್ಣದ ಅಂಗಡಿಯಲ್ಲಿ ಕೊಡುವ ಛಾಯಾಪಟ್ಟಿಯೊಂದನ್ನು ಹಿಡಿದು ಗೋಡೆ, ಕಂಬ, ಬೆಂಚು, ಫಲಕ ಒಂದೊಂದನ್ನೂ ಹಗಲು ಬೆಳಕಿನಲ್ಲಿ ಹೋಲಿಸಬಹುದು. ಯಾವ ಕಂಪನಿಯ ಯಾವ ಸಂಖ್ಯೆಯ ಛಾಯೆ, ಯಾವ ದಿನಾಂಕ, ನೋಡಿದವರು ಯಾರು ಎಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಛಾಯಾಪಟ್ಟಿಯ ಆ ಚೂರನ್ನೇ ಪಕ್ಕದಲ್ಲಿ ಅಂಟಿಸಬೇಕು. ಆ ಪುಸ್ತಕ ಮುಚ್ಚಿದ ಕಪಾಟಿನಲ್ಲಿ ಇದ್ದರೆ ಬೆಳಕಿಗೆ ಬಣ್ಣ ಮಾಸುವುದೂ ತಪ್ಪುತ್ತದೆ. ಲಿಂಗಸುಗೂರಿಗೆ ರೈಲು ಬರುವ ದಿನ ಅಲ್ಲಿನ ಮಕ್ಕಳೂ ಇದನ್ನೇ ಮಾಡಬಹುದು.

ಮುಂದೊಂದು ದಿನ, ಹತ್ತಿಪ್ಪತ್ತು ಪದರ ಬಣ್ಣ ಏರಿದ ಮೇಲೆ, ಸಿಂಧನೂರಿನ ನಿಲ್ದಾಣ ಮೊದಲು ಯಾವ ಬಣ್ಣದಲ್ಲಿತ್ತು ಎಂದು ಯಾರೋ ಕೇಳುತ್ತಾರೆ. ಮನೆಯ ಹಿರಿಯರು ಒಬ್ಬೊಬ್ಬರು ಒಂದೊಂದು ಬಣ್ಣ ಹೇಳುತ್ತಾರೆ. ಆಗ ಶಾಲೆಯ ಕಪಾಟಿನಿಂದ ಆ ನೋಟ್‌ಬುಕ್ಕು ಹೊರಬಂದರೆ, ಜಗಳ ಅಲ್ಲಿಗೆ ಮುಗಿಯುತ್ತದೆ.